ಸೂಜಿ ಎಲೆಯ ಕಡುಬು

ನೀರು, ಬರೀ ನೀರು ಎಂದು ಹೇಳಿಬಿಡಬೇಕಿತ್ತು. ಆ ಬೆಳಿಗ್ಗೆ ದೇಗು ನಗರದ ಮೆಟ್ರೋದಲ್ಲಿ ಮುದುಕಿಯೊಬ್ಬಳು, ಬಸುರಿಯರಿಗೆಂದು ಬಿಟ್ಟ ಗುಲಾಬಿ ಬಣ್ಣದ ಸೀಟಿನಲ್ಲಿ ತೂಕಡಿಸುತ್ತಿದ್ದ ಗಂಡಸನ್ನು ಕೊಡೆಯ ತುದಿಯಿಂದ ತಿವಿದು ಎಬ್ಬಿಸಿ, "ಕೂತ್ಕೊಳಮ್ಮ, ಇದ್ರಲ್ಲಿ ನಾಚ್ಕೊಳೋದೇನು" ಎಂದಾಗ ಮಿರಾನ್‌ಳ ನಾಲಗೆಯ ತುದಿಗೆ ಬಂದದ್ದು ಆ ಮಾತೇ. ಆದರೆ ಆಕೆ ಕೂತಳು. ಕೂತದ್ದಲ್ಲದೆ, ಎದುರಿಗಿದ್ದವರೆಲ್ಲ ಮುಖ ಸಡಿಲಿಸಿ ನೋಡುತ್ತಿದ್ದಾಗ ಬಲಗೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಬೋಗಿ ಖಾಲಿ ಇದ್ದಾಗಲೂ ಇಷ್ಟು ವರ್ಷ ಆ ಸೀಟಿನ ಪಕ್ಕ ಸುಳಿಯದವಳು. ಅದರ ಮೇಲೆ ಕೂತ ಹುಡುಗಿಯರನ್ನು ನೋಡಬಾರದೆಂದು ಕಿಟಕಿಯಲ್ಲಿ ಕಾಣುವ ಸುರಂಗದ ಕತ್ತಲನ್ನು ನೋಡುತ್ತಿದ್ದವಳು. ಕೈಗೆ ಆ ಭಂಗಿಯನ್ನು ಯಾರು ಕಲಿಸಿದರು? ಇಳಿಯುವ ಸ್ಟೇಷನ್ ಬಂದರೂ ಏಳಲು ಮನಸ್ಸಾಗದೆ ಮುಂದಿನದರಲ್ಲಿ ಇಳಿದು ನಡೆದು ಬಂದಳು. ನಡೆಯುವಾಗ ಹೊಟ್ಟೆಯೊಳಗೆ ನೀರು ತುಳುಕಿದಂತಾಗಿ ಅಸಹ್ಯವಾಯಿತು.

ಅಂಡಗಳು ಬೇಕಾದ್ದಕ್ಕಿಂತ ಹೆಚ್ಚು ಬಂದದ್ದೇ ತೊಂದರೆ ಎಂದಿದ್ದರು ಡಾಕ್ಟರು. ಇಂಜೆಕ್ಷನ್ನಿಗೆ ಅಂಡಾಶಯಗಳು ಅತಿಯಾಗಿ ಊದಿಕೊಂಡಿವೆ, ಹೊಟ್ಟೆಯಲ್ಲಿ ನೀರು ಸೇರಿದೆ, ಈ ಸ್ಥಿತಿಯಲ್ಲಿ ಭ್ರೂಣವನ್ನು ಒಳಗೆ ಬಿಟ್ಟರೆ ನಿಮ್ಮ ಜೀವಕ್ಕೇ ಅಪಾಯ, ಹಾಗಾಗಿ ಭ್ರೂಣಗಳನ್ನು ಹೆಪ್ಪುಗಟ್ಟಿಸಿ ಇಡೋಣ, ಹಬ್ಬ ಮುಗಿಯಲಿ, ನೀರು ಇಳಿಯಲಿ, ಒಂದೆರಡು ಮುಟ್ಟು ಕಳೆಯಲಿ. ಬೇಡವೆನ್ನಲು ಎಲ್ಲೂ ಸಂದು ಬಿಡದ ಮಾತು. ಹಿಂದಿನ ಸಲ ಗರ್ಭಕೋಶದಲ್ಲಿ ಸಣ್ಣ ಗಂಟು ಕಂಡು ಮುಂದಕ್ಕೆ ಹೋಗಿತ್ತು. ಅದಕ್ಕೂ ಮೊದಲು ಗರ್ಭಕೋಶದ ಒಳಪೊರೆ ಸಾಕಷ್ಟು ದಪ್ಪವಾಗಿಲ್ಲವೆಂದು. ಅದಕ್ಕೂ ಮೊದಲು ಅವಳಿಗೆ ಜ್ವರ ಬಂತೆಂದು. ಕೈಗೆ ಬಂದ ತುತ್ತು ಪ್ರತಿ ಸಲವೂ ಬಾಯಿಯ ಹತ್ತಿರದವರೆಗೆ ಬಂದು, ವಿನಯದಿಂದ, ಕಾರಣ ಹೇಳಿ ಹಿಂದಕ್ಕೆ ಹೋಗುತ್ತಿತ್ತು. ಸೋತಿದ್ದರೆ ಅಳಬಹುದಿತ್ತು. ಸತ್ತರೆ ಸೂತಕವಿದೆ, ಹುಟ್ಟಿದರೆ ಪುರುಡಿದೆ, ಮುಂದಕ್ಕೆ ಹಾಕಿದ್ದಕ್ಕೆ ಯಾವ ಆಚರಣೆಯೂ ಇಲ್ಲ. ಅಂಥವಳ ಮನೆಗೆ ಯಾರೂ ಗಂಜಿ ಮಾಡಿಕೊಂಡು ಬರುವುದಿಲ್ಲ. ನರ್ಸು ಕೂಡ ಚುಸೊಕ್ ಹಬ್ಬ ಚೆನ್ನಾಗಿ ಮಾಡಿ ಎಂದು ನಗುತ್ತಲೇ ಬೀಳ್ಕೊಟ್ಟಿದ್ದಳು.

ಮಧ್ಯಾಹ್ನ ಅತ್ತೆಯ ಊರಾದ ಯೊಂಗ್ಜುವಿಗೆ ಹೋಗುವ ಹೆದ್ದಾರಿಯಲ್ಲಿ ಕಾರುಗಳು ಇರುವೆ ಸಾಲಿನಂತೆ ತೆವಳುತ್ತಿದ್ದವು. ಗಂಡ ತೇಗ್ಯು ಒಂದು ಕೈಯಿಂದ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಿಂದ ಅವಳಿಗೆ ಉಪ್ಪುಸಕ್ಕರೆಯ ಪಾನೀಯದ ಬಾಟಲಿ ಮುಚ್ಚಳ ತೆಗೆದು ಕೊಡುತ್ತಿದ್ದ. ಅದನ್ನು ಕುಡಿಯುತ್ತಲೇ ಇರಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಒಳ್ಳೆಯವನು. ಒಳ್ಳೆಯವನಾದ್ದರಿಂದಲೇ ಯಾವ ಮಾತನ್ನೂ ಪೂರ್ತಿ ಆಡುವವನಲ್ಲ. ಅಮ್ಮನಿಗೆ ಏನು ಹೇಳಿದೆ ಎಂದು ಕೇಳಿದಳು. ಡಾಕ್ಟರು ವಿಶ್ರಾಂತಿ ಅಂದಿದ್ದಾರೆ, ಭಾರ ಎತ್ತಬಾರದು, ಎಣ್ಣೆ ಮುಂದೆ ಕೂರಬಾರದು ಎಂದಷ್ಟೇ ಹೇಳಿದ್ದಾನಂತೆ. ಯಾಕೆ ಅಂತ ಅವರು ಕೇಳಲಿಲ್ಲವೆ? ಕೇಳಲಿಲ್ಲ. ಸುಮ್ಮನೆ ನಕ್ಕರು. ಈ ಮಾತು ಹೇಳಿ ಅವನು ಮುಂದಿನ ಕಾರಿನ ಕೆಂಪು ದೀಪವನ್ನೇ ನೋಡತೊಡಗಿದ. ಅತ್ತೆ ಯಾಕೆ ನಕ್ಕರೆಂದು ಇಬ್ಬರಿಗೂ ಗೊತ್ತಿತ್ತು. ಹೋದ ತಿಂಗಳು ಅವರಿಗೆ ಕನಸು ಬಿದ್ದಿತ್ತು: ಹಣ್ಣಾದ ಕುಂಬಳಕಾಯಿಯೊಂದು ಬೀದಿಯಿಂದ ತಾನೇ ಉರುಳಿಕೊಂಡು ಗೇಟು ದಾಟಿ ಬಂತಂತೆ, ಅವರು ಲಂಗದ ಮಡಿಲೊಡ್ಡಿ ಎತ್ತಿಕೊಂಡರಂತೆ. ಬಸುರಿನ ಕನಸನ್ನು ಬಸುರಿಯೇ ಕಾಣಬೇಕೆಂದಿಲ್ಲ, ಮನೆಯಲ್ಲಿ ಯಾರು ಬೇಕಾದರೂ ಕಾಣಬಹುದು. ಬೆಳಿಗ್ಗೆ ಎದ್ದವರೇ ಫೋನು ಮಾಡಿ, ನಿನಗೋಸ್ಕರವೇ ಬಿದ್ದ ಕನಸು ಕಣೇ, ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದಿದ್ದರು. ಮಿರಾನ್ ಆಗ ಇಂಜೆಕ್ಷನ್ ಚುಚ್ಚಿಕೊಂಡ ಜಾಗವನ್ನು ಹತ್ತಿಯಲ್ಲಿ ಒತ್ತಿಕೊಂಡು ನಿಂತಿದ್ದಳು. ಹತ್ತಿ ಬಿದ್ದುಹೋಗುವಷ್ಟು ಸಂತೋಷವಾಗಿತ್ತು. ಕನಸನ್ನು ನಂಬುವವಳಲ್ಲ ಆಕೆ, ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಆದರೂ ಅವತ್ತು ಸಂಜೆ ಮಾರುಕಟ್ಟೆಯಲ್ಲಿ ಕುಂಬಳಕಾಯಿ ಕಂಡು, ಕೊಳ್ಳದೆ, ಸುಮ್ಮನೆ ಸವರಿ ಬಂದಿದ್ದಳು.

ಬಾಗಿಲಲ್ಲೇ ಅತ್ತೆಯ ಕಣ್ಣು ಅವಳ ಮುಖದಿಂದ ಕೆಳಗಿಳಿದು ಹೊಟ್ಟೆಯ ಮೇಲೆ ನಿಂತಿತು. ಸಡಿಲ ಅಂಗಿಯ ಕೆಳಗೂ ಅದು ಎದ್ದು ಕಾಣುತ್ತಿತ್ತು. ಇಷ್ಟು ಬೇಗ ಹೊಟ್ಟೆ ಕಾಣುವುದಿಲ್ಲವೆಂಬ ಲೆಕ್ಕ ಎರಡು ಹೆತ್ತ ಹೆಂಗಸಿಗೆ ತಿಳಿಯದ್ದೇನಲ್ಲ. ಆದರೆ ಆಸೆ ಲೆಕ್ಕ ಹಾಕುವುದಿಲ್ಲ. ಅತ್ತೆ ಅವಳ ಎರಡೂ ಕೈ ಹಿಡಿದು, ಏನೂ ಕೇಳದೆ, ಒಳಗೆ ಕರೆದುಕೊಂಡು ಹೋಗಿ, ನೆಲ ಬೆಚ್ಚಗಿರುವ ಮೂಲೆಯಲ್ಲಿ ದಪ್ಪ ದಿಂಬು ಹಾಕಿ ಕೂರಿಸಿದರು. ಆ ದಿಂಬು ಸತ್ತುಹೋದ ಮಾವನದು. ಮಿರಾನ್ ಮದುವೆಯಾಗಿ ಬಂದಂದಿನಿಂದ ಅದರ ಮೇಲೆ ಯಾರೂ ಕೂತಿರಲಿಲ್ಲ.

"ಅತ್ತೆ, ಅಷ್ಟೇನಿಲ್ಲ, ಕೂತ್ಕೊಂಡು ನಾನೂ ಮಾಡ್ತೀನಿ" ಎಂದಳು.

"ಬಾಯ್ಮುಚ್ಚು. ಎಣ್ಣೆ ಹೊಗೆ ನಿಂಗಾಗಲ್ಲ. ದಾಸೊಮ್ ಇದಾಳೆ, ಚಿಕ್ಕವಳು, ಗಟ್ಟಿ ಮೈ. ಇಷ್ಟು ವರ್ಷ ನೀನು ಮಾಡ್ಲಿಲ್ವಾ?"

ದಾಸೊಮ್ ಓರಗಿತ್ತಿ, ತೇಗ್ಯುವಿನ ತಮ್ಮನ ಹೆಂಡತಿ, ಮದುವೆಯಾಗಿ ಇನ್ನೂ ಎರಡನೆಯ ಹಬ್ಬ. ನೆಲದ ಮೇಲೆ ಪೇಪರು ಹಾಸಿ, ಕರೆಂಟಿನ ಕಾವಲಿ ಮುಂದೆ ಮಂಡಿಯೂರಿ, ಮೀನಿನ ಹೋಳುಗಳನ್ನು ಹಿಟ್ಟಿನಲ್ಲಿ ಹೊರಳಿಸಿ ಮೊಟ್ಟೆಯಲ್ಲಿ ಅದ್ದಿ ಸುಡುತ್ತಿದ್ದಳು. ನಾಳೆ ಬೆಳಿಗ್ಗೆ ಹಿರಿಯರಿಗೆ ಎಡೆ ಇಡುವುದಕ್ಕೆ. ಮಿರಾನ್‌ಳನ್ನು ಕಂಡು ಹಣೆಯ ಕೂದಲನ್ನು ಮೊಣಕೈಯಿಂದ ಸರಿಸಿ ನಕ್ಕಳು. ಗಂಡಸರಿಬ್ಬರೂ ಹಬ್ಬಕ್ಕೆ ಪೇರು ಹಣ್ಣು, ಮದ್ಯ ತರಲು ಪೇಟೆಗೆ ಹೋದರು.

ಮಾವನ ದಿಂಬಿನ ಮೇಲೆ ಕೂತು ಮಿರಾನ್‌ಗೆ ಸುಖವಾಯಿತು. ಇದನ್ನು ಮುಚ್ಚಿಡುವುದು ಯಾಕೆ? ಪ್ರತಿ ಹಬ್ಬಕ್ಕೂ ಅದೇ ಕಾವಲಿಯ ಮುಂದೆ ಕೂತು, ತಲೆಯ ಕೂದಲಿಗೆಲ್ಲ ಎಣ್ಣೆ ವಾಸನೆ ಹತ್ತಿಸಿಕೊಳ್ಳುತ್ತಿದ್ದಳು; ಬಂದ ಚಿಕ್ಕತ್ತೆ ದೊಡ್ಡತ್ತೆಯರೆಲ್ಲ ಸಟ್ಟುಗ ಆಡಿಸುತ್ತಿದ್ದ ಅವಳ ಬೆನ್ನಿಗೆ ಕೇಳಿಸುವ ಹಾಗೆ ಇನ್ನೂ ಸುದ್ದಿ ಇಲ್ಲವೇ ಎನ್ನುತ್ತಿದ್ದರು. ಬೆನ್ನಿಗೆ ಹೇಳಿದ್ದಕ್ಕೆ ಉತ್ತರ ಕೊಡಬೇಕಾಗಿಲ್ಲ, ಅದೊಂದೇ ಸಮಾಧಾನ. ಈಗ ಅತ್ತೆ ಮನೆಯಲ್ಲಿದ್ದ ಪೇರು ಹಣ್ಣಿನ ಹೋಳು ತಂದಿಟ್ಟರು. ಅಡ್ಡಾದಿಡ್ಡಿಯಾದ ಹೋಳಲ್ಲ, ಚೆಂದಗೆ ಕತ್ತರಿಸಿದ್ದು. ಚೆಂದದ್ದನ್ನು ತಿಂದರೆ ಚೆಂದದ ಮಗು. ಮಿರಾನ್ ತಿಂದಳು. ಹೇಳಬೇಕು, ಈ ಹೋಳು ಮುಗಿದ ಕೂಡಲೇ ಹೇಳಬೇಕು ಎಂದುಕೊಂಡು ಇನ್ನೊಂದು ಹೋಳು ಎತ್ತಿಕೊಂಡಳು. ಬಿಸಿ ತುಪ್ಪ ನುಂಗಲಾರೆ ಉಗುಳಲಾರೆ ಎನ್ನುತ್ತಾರಲ್ಲ, ಇದು ಹಾಗಿರಲಿಲ್ಲ. ತುಪ್ಪ ತಣ್ಣಗಿತ್ತು, ರುಚಿಯಾಗಿತ್ತು, ತಾನಾಗಿ ಗಂಟಲಿಗೆ ಇಳಿಯುತ್ತಿತ್ತು. ಅತ್ತೆ ತಪ್ಪು ತಿಳಿದಿದ್ದಾರೆ, ತಾನೇನೂ ಸುಳ್ಳು ಹೇಳಿಲ್ಲ. ಮೆಟ್ರೋದ ಮುದುಕಿಗೂ ಹೇಳಿರಲಿಲ್ಲ. ಹೀಗೆ ಹೇಳದೆಯೇ ಒಂಬತ್ತು ತಿಂಗಳು ಕಳೆದರೆ? ಆ ಯೋಚನೆಗೆ ಅವಳೇ ಬೆಚ್ಚಿ ಕಾಲು ಮಡಚಿ ಕೂತಳು. ಹೊಟ್ಟೆ ತೊಡೆಗೆ ಒತ್ತಿ ನೋವಾಯಿತು.

ದಾಸೊಮ್‌ಳ ಫೋನು ಹೊಡೆದುಕೊಂಡಿತು. ಫೋನು ಬ್ಯಾಗಿನಲ್ಲಿತ್ತು, ಬ್ಯಾಗು ಮಿರಾನ್‌ಳ ಪಕ್ಕದಲ್ಲಿ. ದಾಸೊಮ್‌ಳ ಬೆರಳುಗಳಿಗೆಲ್ಲ ಮೊಟ್ಟೆ ಹತ್ತಿತ್ತು. ತೆಗೆದು ಕೊಡು ಎಂದು ಅತ್ತೆ ಅಡುಗೆಮನೆಯಿಂದ ಹೇಳಿದರು. ದಾಸೊಮ್ "ಬೇಡ ಅಕ್ಕಾ, ಇರ್ಲಿ" ಎಂದು ಅರ್ಧ ಎದ್ದಳು, ಅಷ್ಟರಲ್ಲಿ ಮಿರಾನ್ ಬ್ಯಾಗಿನ ಜಿಪ್ಪು ಎಳೆದಾಗಿತ್ತು. ಫೋನಿನ ಕೆಳಗೆ, ಕರವಸ್ತ್ರದಲ್ಲಿ ಸುತ್ತಲು ಹೋಗಿ ಅರ್ಧ ಬಿಚ್ಚಿಕೊಂಡಂತೆ, ಗುಲಾಬಿ ಬಣ್ಣದ ದುಂಡನೆ ಬಿಲ್ಲೆ. ಬಸುರಿಯರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೊಡುವುದು, ಬ್ಯಾಗಿಗೆ ನೇತು ಹಾಕಿಕೊಂಡರೆ ಮೆಟ್ರೋದಲ್ಲಿ ಆ ಸೀಟು ಬಿಟ್ಟುಕೊಡುತ್ತಾರೆ. ಬ್ಯಾಗಿನ ಹೊರಗೆ ನೇತಾಡಬೇಕಾದ್ದನ್ನು ಒಳಗೆ ಸುತ್ತಿಟ್ಟಿದ್ದಳು. ಮಿರಾನ್ ಫೋನನ್ನು ಹಿಡಿದು ಅವಳ ಕಿವಿಗೆ ಒತ್ತಿ ನಿಂತಳು. ಅತ್ತಕಡೆಯಿಂದ ದಾಸೊಮ್‌ಳ ಗಂಡ, ಪೇರು ಹಣ್ಣು ಎಷ್ಟು ತರಲಿ ಎಂದು ಕೇಳುತ್ತಿದ್ದ. ದಾಸೊಮ್ ಏನೋ ಉತ್ತರಿಸಿದಳು. ಅಷ್ಟು ಹತ್ತಿರದಿಂದ ನೋಡಿದಾಗ ಅವಳ ತುಟಿ ಬೆಳ್ಳಗಾಗಿತ್ತು, ಕಿವಿಯ ಹಿಂದೆ ಬೆವರು ಹರಿಯುತ್ತಿತ್ತು. ಗಟ್ಟಿ ಮೈ.

ಮೊದಲು ಬಂದದ್ದು ಸಿಟ್ಟು. ಮಿರಾನ್ ಅದನ್ನು ಗುರುತಿಸಿದಳು, ಹಳೆಯ ಪರಿಚಯ: ಸಹೋದ್ಯೋಗಿಯೊಬ್ಬಳು ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದಾಗ, ಎದುರು ಮನೆಯ ಬಾಗಿಲಲ್ಲಿ ತಳ್ಳುಗಾಡಿ ಕಂಡಾಗ ಬರುವಂಥದ್ದು. ಇವಳಿಗೆ ಎಷ್ಟು ಸುಲಭವಾಗಿ. ಚಿಕ್ಕ ಹುಡುಗಿ, ಅಡುಗೆ ಬರುವುದಿಲ್ಲ, ಮೀನು ಸೀಯಿಸುತ್ತಾಳೆ, ಮದುವೆಯ ದಿನ ಹಿರಿಯರಿಗೆ ನಮಸ್ಕಾರ ಮಾಡಲು ಬಗ್ಗಿ ಮುಗ್ಗರಿಸಿದವಳು. ಆಮೇಲೆ ಸಿಟ್ಟಿನ ಹಿಂದೆಯೇ ಇನ್ನೊಂದು ಬಂತು, ಅದಕ್ಕೆ ಹೆಸರು ಗೊತ್ತಾಗಲಿಲ್ಲ. ಕುಂಬಳಕಾಯಿ ಗೇಟು ದಾಟಿ ಬಂದದ್ದು ನಿಜ. ಮಡಿಲು ಬೇರೆಯವಳದು. ಕನಸಿಗೆ ವಿಳಾಸ ಬರೆದಿರುವುದಿಲ್ಲವಲ್ಲ. ಅತ್ತೆ ತಮಗೆ ತೋಚಿದ ವಿಳಾಸ ಬರೆದು ಅವಳಿಗೆ ಕಳಿಸಿದ್ದರು, ಅವಳು ಸಹಿ ಹಾಕಿ ತೆಗೆದುಕೊಂಡಿದ್ದಳು.

ಸುಟ್ಟ ಮೀನಿನ ಮೊರವನ್ನು ಆರಲು ಇಡಲು ದಾಸೊಮ್ ಹಿತ್ತಲ ಬಾಲ್ಕನಿಗೆ ಹೋದಾಗ ಮಿರಾನ್ ಹಿಂದೆಯೇ ಹೋದಳು. ಅಲ್ಲಿ ಕಿಮ್ಚಿ ಉಪ್ಪಿನಕಾಯಿ ಇಡುವ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ದಾಸೊಮ್ ಕಿಟಕಿಗೆ ಮೂಗು ಹಚ್ಚಿ ಹೊರಗಿನ ಗಾಳಿ ಎಳೆದುಕೊಂಡಳು.

"ನೋಡಿದ್ರಲ್ಲ ಅಕ್ಕಾ" ಎಂದಳು, ತಿರುಗದೆ.

"ಹೂಂ."

"ಬೈಬೇಡಿ. ಭಾವನೇ ಹೇಳಿದ್ದು, ನಿಮ್ಮದು ಆಗೋವರ್ಗೂ ಯಾರಿಗೂ ಹೇಳೋದ್ ಬೇಡ, ಅಮ್ಮಂಗೂ ಬೇಡ, ನಿಮಗೆ ನೋವಾಗುತ್ತೆ ಅಂತ. ಬೆಳಿಗ್ಗೆಯಿಂದ ಈ ಎಣ್ಣೆ ವಾಸನೆಗೆ ಬಚ್ಚಲಿಗೆ ಓಡಿ ಓಡಿ ಸಾಕಾಯ್ತು. ಅತ್ತೆ ಕೇಳಿದ್ರೆ ರೈಲಲ್ಲಿ ತಿಂದಿದ್ದು ಆಗಿಲ್ಲ ಅಂದೆ." ಈಗ ತಿರುಗಿದಳು. ಅವಳ ಮುಖದಲ್ಲಿ ಕಪಟವಿಲ್ಲದ ಬೆಳಕಿತ್ತು. "ಆದ್ರೆ ಈಗ ನಿಮ್ಮದೂ ಆಯ್ತಲ್ಲ ಅಕ್ಕಾ. ಅತ್ತೆ ಹೇಳಿದ್ರು. ನಂಗೆ ಎಷ್ಟು ನಿರಾಳ ಆಯ್ತು ಗೊತ್ತಾ. ಇವತ್ತು ಇಬ್ಬರದೂ ಒಟ್ಟಿಗೇ ಹೇಳ್ಬಿಡೋಣ."

ಆಗ ಹೇಳಬೇಕಿತ್ತು. ಬರೀ ನೀರು ಕಣೇ. ಮೂರು ಪದ. ಆದರೆ ಮಿರಾನ್ ಇನ್ನೊಮ್ಮೆ "ಹೂಂ" ಎಂದಳು. ಅಷ್ಟು ಹೊತ್ತು ಹೇಳದೆ ಇದ್ದದ್ದು ಬೇರೆ, ಈಗ ಆಡಿದ್ದು ಬೇರೆ, ಇದು ಸುಳ್ಳೇ. ದಾಸೊಮ್ ಅವಳ ತೋಳನ್ನು ಹಿಂಡಿ ಒಳಗೆ ಹೋದಳು, ಕಾವಲಿಯ ಮುಂದೆ ಮತ್ತೆ ಮಂಡಿಯೂರಿದಳು. ಮಿರಾನ್ ಬಾಲ್ಕನಿಯಲ್ಲೇ ನಿಂತಳು. ತೇಗ್ಯುವಿಗೆ ಗೊತ್ತಿತ್ತು. ಅವಳು ರಾತ್ರಿ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಕೊಳ್ಳುವಾಗ ಪಕ್ಕದಲ್ಲಿ ಕೂತು ದೀಪ ಹಿಡಿಯುತ್ತಿದ್ದವನಿಗೆ ಗೊತ್ತಿತ್ತು. ಅವನ ತಮ್ಮನಿಗೆ ಗೊತ್ತು, ತಮ್ಮನ ಹೆಂಡತಿಗೆ ಗೊತ್ತು; ಅವಳಿಗೆ ನೋವಾಗದಿರಲೆಂದು ಒಂದು ಮನೆಯೇ ತುದಿಗಾಲಲ್ಲಿ ನಡೆಯುತ್ತಿತ್ತು. ಕಾಯಿಲೆಯವಳು ಮಲಗಿದ ಕೋಣೆಯ ಹೊರಗೆ ನಡೆಯುವ ಹಾಗೆ. ಇನ್ನೂ ಹುಟ್ಟದ ಮಗುವೊಂದು ಅವಳ ದೆಸೆಯಿಂದ ಕರವಸ್ತ್ರದಲ್ಲಿ ಸುತ್ತಿಕೊಂಡು ಬ್ಯಾಗಿನ ತಳದಲ್ಲಿ ಬಚ್ಚಿಟ್ಟುಕೊಂಡಿತ್ತು. ಅವಳ ಸರದಿ ಮುಂದಕ್ಕೆ ಹೋದಂತೆಲ್ಲ ಅದರ ಸಂತೋಷವೂ ಮುಂದಕ್ಕೆ ಹೋಗುತ್ತಿತ್ತು. ತನ್ನ ಬಗ್ಗೆ ಎಲ್ಲರೂ ಇಷ್ಟು ಒಳ್ಳೆಯವರಾಗಿರುವುದು ಅವಮಾನವೆಂದು ಅನ್ನಿಸಿತು. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಸಂಜೆ ಗಂಡಸರು ಬಂದರು. ಎಲ್ಲರೂ ಸುತ್ತ ಕೂತು ಸೊಂಗ್‌ಪ್ಯೊನ್ ಕಟ್ಟುವ ಹೊತ್ತು: ಅಕ್ಕಿ ಹಿಟ್ಟಿನ ಪುಟ್ಟ ಕಡುಬು, ಒಳಗೆ ಎಳ್ಳು ಜೇನಿನ ಹೂರಣ, ಪೈನ್ ಮರದ ಸೂಜಿಯಂಥ ಎಲೆ ಹಾಸಿ ಹಬೆಯಲ್ಲಿ ಬೇಯಿಸುವುದು. ಚೆಂದ ಕಟ್ಟಿದವಳಿಗೆ ಚೆಂದದ ಮಗಳು ಹುಟ್ಟುತ್ತಾಳೆಂಬ ಮಾತನ್ನು ಅತ್ತೆ ಪ್ರತಿವರ್ಷ ನುಂಗಿಕೊಳ್ಳುತ್ತಿದ್ದರು, ಈ ವರ್ಷ ಜೋರಾಗಿ ಹೇಳಿದರು. ತೇಗ್ಯು ತಲೆಯೆತ್ತಲಿಲ್ಲ. ಅವನು ಕಟ್ಟಿದ ಕಡುಬು ಒಡೆದು ಹೂರಣ ಹೊರಬಂತು. ನಿನ್ನ ಮಗಳು ನಿನ್ನ ಹಾಗೇ ಬಾಯಿಬಡುಕಿ ಆಗ್ತಾಳೆ ಬಿಡಣ್ಣ ಎಂದು ತಮ್ಮ ಛೇಡಿಸಿದ. ಎಂದೂ ಮಾತಾಡದವನಿಗೆ ಹಾಗೆಂದದ್ದು ಕೇಳಿ ದಾಸೊಮ್ ನಕ್ಕಳು, ಅತ್ತೆ ನಕ್ಕರು. ಮಿರಾನ್‌ಗೂ ನಗು ಬಂತು. ನಗುವಾಗ ಅತ್ತೆಯ ಬೆರಳುಗಳನ್ನು ನೋಡಿದಳು. ಅತ್ತೆ ಒಂದು ಸೂಜಿ ಎಲೆಯನ್ನು ಒರೆಸಿ, ಎಳ್ಳಿನ ನಡುವೆ ಉದ್ದುದ್ದವಾಗಿ ಇಟ್ಟು, ಹಿಟ್ಟು ಮುಚ್ಚಿ, ಅಂಚಿಗೆ ಉಗುರಿನ ಗುರುತು ಒತ್ತಿದರು. ಬಸುರಿಗೆ ಕೊಡುವ ಕಡುಬು ಅದು. ಕಚ್ಚಿದಾಗ ಎಲೆಯ ಚೂಪು ತುದಿ ಸಿಕ್ಕರೆ ಗಂಡು, ಬುಡ ಸಿಕ್ಕರೆ ಹೆಣ್ಣು. ಅತ್ತೆಯ ಅತ್ತೆ ಅವರಿಗೆ ಕೊಟ್ಟಿದ್ದರಂತೆ, ಎರಡು ಸಲವೂ ತಪ್ಪಿರಲಿಲ್ಲವಂತೆ.

ಹಬೆ ಆರಿದ ಮೇಲೆ ಅತ್ತೆ ಉಗುರಿನ ಗುರುತು ಹುಡುಕಿ ಆ ಕಡುಬನ್ನು ಪುಟ್ಟ ತಟ್ಟೆಯಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು ತಂದು ದಿಂಬಿನ ಮುಂದೆ ಕೂತರು. ಹಿರಿಯರು ಕಿರಿಯರಿಗೆ ಎರಡು ಕೈಯಲ್ಲಿ ಕೊಡುವ ಪದ್ಧತಿಯಿಲ್ಲ. ಅವರು ಕೊಡುತ್ತಿದ್ದದ್ದು ಸೊಸೆಗಲ್ಲ, ಒಳಗಿನ ಮಗುವಿಗೆ. ಮತ್ತೆ ಕಾವಲಿಯ ಮುಂದೆ ಕೂತಿದ್ದ ದಾಸೊಮ್ ಅಲ್ಲಿಂದಲೇ ಕಣ್ಣು ಹೊಡೆದಳು, ಈಗ ಹೇಳೋಣ ಎಂಬಂತೆ. ತೇಗ್ಯು ಗಂಟಲು ಸರಿಮಾಡಿಕೊಂಡ; ಅವನು ಹೇಳುತ್ತಾನೆಂದು ಮಿರಾನ್ ಕಾದಳು. ಅವನು ಮತ್ತೊಮ್ಮೆ ಗಂಟಲು ಸರಿಮಾಡಿಕೊಂಡ, ಅಷ್ಟೇ. ಕಡುಬು ಬೆಚ್ಚಗಿತ್ತು. ಕೈಯಲ್ಲಿ ಹಿಡಿದಾಗ ಒಳಗಿನ ಎಲೆ ಬೆರಳಿಗೆ ತಾಗುವುದಿಲ್ಲ, ಆದರೂ ತಾಗಿದಂತೆ ಅನ್ನಿಸಿತು. ಒಮ್ಮೆ ಕಚ್ಚಬೇಕು. ಜೀವಮಾನದಲ್ಲಿ ಒಮ್ಮೆ ಕಚ್ಚಿ, ಯಾವ ತುದಿಯೆಂದು ಎಲ್ಲರೂ ಬಗ್ಗಿ ನೋಡುವಂತೆ ಬಾಯಿ ತೆರೆಯಬೇಕು. ಆಸ್ಪತ್ರೆಯ ಮಂಚದ ಮೇಲೆ ಎಷ್ಟೋ ಸಲ ಎಷ್ಟೋ ಜನ ಬಗ್ಗಿ ನೋಡಿದ್ದಾರೆ, ಒಂದು ಸಲವೂ ಯಾರೂ ನಕ್ಕಿಲ್ಲ. ಕಡುಬು ತುಟಿಗೆ ತಾಗಿತು. ಎಳ್ಳೆಣ್ಣೆಯ ಘಮ. ಅಷ್ಟರಲ್ಲಿ ದಾಸೊಮ್‌ಗೆ ಮತ್ತೆ ಹೊಟ್ಟೆ ತೊಳಸಿರಬೇಕು, ಸಟ್ಟುಗ ಹಿಡಿದ ಕೈಯ ಹಿಂಭಾಗದಿಂದ ಬಾಯಿ ಒತ್ತಿಕೊಂಡು, ಉಸಿರು ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಹಾಗಿದ್ದೂ ಅವಳ ಕಡೆ ನೋಡಿ ನಗುತ್ತಿದ್ದಳು.

ಮಿರಾನ್ ಕಡುಬನ್ನು ತಟ್ಟೆಗೆ ಇಟ್ಟಳು.

"ಅತ್ತೆ, ಇದು ಮಗು ಅಲ್ಲ. ನೀರು. ಔಷಧಿಗೆ ತುಂಬ್ಕೊಂಡಿರೋದು. ಈ ಸಲಾನೂ ಆಗ್ಲಿಲ್ಲ, ಮುಂದಕ್ಕೆ ಹಾಕಿದಾರೆ."

ಕಾವಲಿಯ ಮೇಲೆ ಎಣ್ಣೆ ಚಟಗುಟ್ಟಿತು. ಅತ್ತೆ ತಟ್ಟೆಯನ್ನು ನೋಡಿದರು, ಮಗನನ್ನು ನೋಡಿದರು, ಮತ್ತೆ ಅವಳ ಹೊಟ್ಟೆಯನ್ನು ನೋಡಿದರು. ಆಮೇಲೆ ತೀರ ಸಣ್ಣ ದನಿಯಲ್ಲಿ, ತಮಗೆ ತಾವೇ ಕೇಳಿಕೊಳ್ಳುವಂತೆ, "ಹಾಗಾದ್ರೆ ಆ ಕುಂಬಳಕಾಯಿ ಯಾರ್ದು?" ಎಂದರು.

ಮಿರಾನ್ ಎದ್ದಳು. ತಟ್ಟೆಯನ್ನು ತೆಗೆದುಕೊಂಡು ಹೋಗಿ ದಾಸೊಮ್‌ಳ ಮುಂದೆ ಇಟ್ಟು, ಅವಳ ಕೈಯಿಂದ ಸಟ್ಟುಗ ತೆಗೆದುಕೊಂಡಳು. ದಾಸೊಮ್ ಅಳತೊಡಗಿದಳು, ಬೇಡ ಅಕ್ಕಾ, ಬೇಡ ಅಕ್ಕಾ ಎಂದು. ಏಳು, ಈ ಹೊಗೆ ನಿನಗಾಗುವುದಿಲ್ಲ ಎಂದಳು ಮಿರಾನ್. ಹೇಳಿದ ಮೇಲೆ ಅದು ಅತ್ತೆಯ ಮಾತೆಂದು ಹೊಳೆಯಿತು. ತೇಗ್ಯು ಎದ್ದು ಬಂದು ನಿನಗೆ ವಿಶ್ರಾಂತಿ ಹೇಳಿದ್ದಾರೆ ಎಂದ. ನೀನು ಸುಮ್ಮನಿರುವುದರಲ್ಲಿ ಜಾಣ, ಸುಮ್ಮನೇ ಇರು ಎಂದಳು. ಗಟ್ಟಿಯಾಗೇನೂ ಹೇಳಲಿಲ್ಲ. ಅವನು ನಿಂತಲ್ಲೇ ನಿಂತ.

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವರ ಮುಖದಲ್ಲಿ ಸಂತೋಷವೂ ನಾಚಿಕೆಯೂ ಒಂದನ್ನೊಂದು ತಳ್ಳಿಕೊಂಡು ಬಂದವು. ನಾಚಿಕೆಯೇ ಗೆಲ್ಲಲೆಂದು ಅವರು ಪ್ರಯತ್ನಪಟ್ಟದ್ದನ್ನು ಮಿರಾನ್ ಕಂಡಳು, ಅದಕ್ಕಾಗಿ ಅವರನ್ನು ಕ್ಷಮಿಸಿದಳು. ಬೆಳಿಗ್ಗೆಯಿಂದ ಬಸುರಿಯನ್ನು ಬೆಂಕಿ ಮುಂದೆ ಕೂರಿಸಿದೆನಲ್ಲ ಎಂದು ಹಣೆ ಬಡಿದುಕೊಳ್ಳುತ್ತ ಅವರು ದಾಸೊಮ್‌ಳನ್ನು ಹಿಡಿದು ನಡೆಸಿಕೊಂಡು ಹೋಗಿ ದಿಂಬಿನ ಮೇಲೆ ಕೂರಿಸಿದರು. ದಿಂಬಿನಲ್ಲಿ ಇನ್ನೂ ಮಿರಾನ್ ಕೂತ ತಗ್ಗು ಇತ್ತು.

ಉಳಿದದ್ದು ಕೆಲವೇ ಹೋಳು. ಮಿರಾನ್ ಎಲ್ಲರಿಗೂ ಬೆನ್ನು ಹಾಕಿ ಕಾವಲಿಯ ಮುಂದೆ ಮಂಡಿಯೂರಿದಳು. ಹೊಟ್ಟೆ ಅಡ್ಡ ಬರುತ್ತಿತ್ತು, ನೀರಿಗೂ ಭಾರವಿದೆ. ಮೀನನ್ನು ಮಗುಚಿದಳು. ಬೆನ್ನ ಹಿಂದೆ ಮೊದಲು ದಾಸೊಮ್‌ಳ ಬಿಕ್ಕು, ಆಮೇಲೆ ಅತ್ತೆಯ ಒತ್ತಾಯ, ಆಮೇಲೆ ಎಲ್ಲರೂ ಉಸಿರು ಬಿಗಿಹಿಡಿದ ಮೌನ, ಆಮೇಲೆ ತಮ್ಮನ ಗಂಟಲಿನಿಂದ ಸಂತೋಷದ ಒಂದು ಸದ್ದು ಹೊರಟು ಥಟ್ಟನೆ ಅಡಗಿತು. ಯಾರೋ ಕೈ ಸನ್ನೆ ಮಾಡಿರಬೇಕು. ಯಾವ ತುದಿ ಬಂತೆಂದು ಯಾರೂ ಅವಳಿಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಆಸ್ಪತ್ರೆಯಲ್ಲೆಲ್ಲೋ ಒಂದು ತೊಟ್ಟಿಯ ಕೊರೆಯುವ ಚಳಿಯಲ್ಲಿ ತನ್ನವೂ ಇವೆ, ತುದಿ ಬುಡ ಗೊತ್ತಾಗದಷ್ಟು ಚಿಕ್ಕವು, ಹಬ್ಬದ ರಜೆಯಲ್ಲಿ ಅವುಗಳ ಹತ್ತಿರ ಯಾರು ಇರುತ್ತಾರೋ ಎಂದು ಯೋಚಿಸಿದಳು.

ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಪಕ್ಕದಲ್ಲಿ ಕೂತರು. ಬುಟ್ಟಿಯಿಂದ ಒಂದು ಕಡುಬು ಆರಿಸಿ, ಮೇಲೆ ಅಂಟಿದ್ದ ಸೂಜಿ ಎಲೆಗಳನ್ನು ಒಂದೊಂದಾಗಿ ಬಿಡಿಸಿ, ಅವಳ ಬಾಯಿಯ ಹತ್ತಿರ ಹಿಡಿದರು. ಅವಳ ಕೈಗೆ ಎಣ್ಣೆ ಹತ್ತಿತ್ತಲ್ಲ. ಅಕ್ಕರೆಯಿಂದಲೇ ಹೇಳಿದರು:

"ತಿನ್ನು. ಇದ್ರಲ್ಲಿ ಏನೂ ಇಲ್ಲ, ಹೆದರ್ಬೇಡ."

ಮಿರಾನ್ ಬಾಯಿ ತೆರೆದಳು. ಏನೂ ಇಲ್ಲವೆಂದು ಗೊತ್ತಿದ್ದೂ ಮೆಲ್ಲಗೆ, ತೀರ ಮೆಲ್ಲಗೆ ಕಚ್ಚಿದಳು, ಎಲೆ ಎಲ್ಲಾದರೂ ಮುರಿದುಹೋದೀತೆಂದು.